ಅತ್ತೆಯ ಗಂಜಿಗೆ ನಾನು ಬೆರೆಸಿದ್ದು

ನಮ್ಮತ್ತೆಯ ಗಂಜಿಗೆ ನಾನು ಮೊಟ್ಟೆ ಬೆರೆಸುತ್ತಿದ್ದೆ. ಅವರು ಬೇಡವೆಂದ ಮೇಲೆ, ಅವರಿಗೆ ಗೊತ್ತಾಗದಂತೆ, ದಿನವೂ.

ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ನಾನು ಸುತ್ತಿ ಬಳಸಿ ಎಲ್ಲೆಲ್ಲೋ ಹೋಗಿ, ಕೊನೆಗೆ ನನ್ನದೇನೂ ತಪ್ಪಿಲ್ಲ ಎನ್ನುವಲ್ಲಿಗೆ ಬಂದು ನಿಲ್ಲುತ್ತೇನೆ — ನನ್ನ ಸ್ವಭಾವ ನನಗೆ ಗೊತ್ತು. ಊರಲ್ಲಿ ನನಗೆ ಬಾಯಿಬಡುಕಿ ಎಂದೇ ಹೆಸರು. ಗಿರಿಜಾಗೆ ಒಂದು ಗುಟ್ಟು ಹೇಳಿದರೆ ಸಂಜೆಯೊಳಗೆ ಅದು ಕೊಟ್ಟೂರಿನ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ ಎಂದು ನಮ್ಮ ಯಜಮಾನರೇ ಚೇಷ್ಟೆ ಮಾಡುತ್ತಾರೆ. ಅಂಥವಳು ಇದೊಂದನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಈಗ ಬರೆಯಲು ಕೂತವಳು ಎದ್ದು ಒಂದು ಸಲ ಹಿತ್ತಲಿಗೆ ಹೋಗಿ ಬಂದೆ.

ಇದನ್ನು ಓದುವವರಲ್ಲಿ ಕೆಲವರ ಅಡುಗೆಮನೆಯಲ್ಲಿ ಆ ಹಳದಿ ಪೊಟ್ಟಣ ಇರಬಹುದು. ನವಣೆ ಗಂಜಿ ಹಿಟ್ಟು. ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಂಡು ನಗುವ ಮುದುಕಿಯ ಫೋಟೊ. ಅವರೇ ನಮ್ಮತ್ತೆ, ಶಿವಗಂಗಮ್ಮ. ಈ ಮಾತು ನಿಮಗೂ ಸೇರಿದ್ದು.

ನಮ್ಮೂರು ಕೊಟ್ಟೂರಿನಿಂದ ಹರಪನಹಳ್ಳಿ ಕಡೆ ಹೋಗುವ ದಾರಿಯಲ್ಲಿದೆ. ಒಂದು ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಇಳಿಯಿತು, ಮೈ ಮಾತ್ರ ಮೇಲೇಳಲಿಲ್ಲ. ಕಾಲು ಬಾತುಕೊಂಡವು, ಎದ್ದು ಕೂತರೆ ತಲೆ ತಿರುಗುವುದು. ಹರಪನಹಳ್ಳಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಪ್ರೋಟೀನ್ ತೀರಾ ಕಡಿಮೆಯಾಗಿದೆ, ಔಷಧಿಯ ಜೊತೆ ದಿನಾ ಮೊಟ್ಟೆ ಕೊಡಿ ಅಂದರು. ಅತ್ತೆ ಮಲಗಿದ್ದಲ್ಲಿಂದಲೇ ಕೈ ಅಡ್ಡ ಆಡಿಸಿದರು.

"ಜೀವ ಹೋದ್ರೂ ಅದು ಬ್ಯಾಡ್ರಿ. ಬಾಯಿಬಿಟ್ಟು ಹೇಳಾಕತ್ತೀನಿ, ಬ್ಯಾಡ."

ಡಾಕ್ಟರಿಗೆ ನಮ್ಮಂಥ ಮನೆಯವರು ಹೊಸಬರಲ್ಲ. ಪ್ರೋಟೀನ್ ಪುಡಿಯ ಡಬ್ಬಿ ಬರೆದುಕೊಟ್ಟರು. ಅತ್ತೆ ಆ ಡಬ್ಬಿಯನ್ನು ತಿರುವಿ ಮುರುವಿ ನೋಡಿ, ಇದರೊಳಗೆ ಏನಿದೆ ಎಂದು ಯಾರು ಕಂಡಿದ್ದಾರೆ ಎಂದು ಪಕ್ಕಕ್ಕಿಟ್ಟರು. ಹಾಲು ಅವರಿಗೆ ಮೊದಲಿಂದಲೂ ಒಗ್ಗದು. ಬೇಳೆಕಟ್ಟು ಕುಡಿದರೆ ವಾಂತಿ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದದ್ದು ನಮ್ಮ ಹೊಲದ ನವಣೆಯ ಗಂಜಿ ಒಂದೇ. ಅದರ ಮೇಲೇ ಎಷ್ಟು ದಿನ — ನಾನು ಅವರ ತೋಳು ಹಿಡಿದು ಎಬ್ಬಿಸುವಾಗ ಕೈಗೆ ಬರೀ ಎಲುಬು ಸಿಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಅಳಿಸಿದವರು ಇದೇ ಅತ್ತೆ, ಆಮೇಲೆ ನನ್ನ ತವರು ಮರೆಸಿದವರೂ ಇವರೇ. ಅವರು ಹಾಗೆ ಕರಗಿ ಹೋಗುವುದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

ನೋಡಿ, ಆಗಲೇ ನೆಪ ಹೇಳಲು ಶುರುಮಾಡಿದೆ.

ಮೊಟ್ಟೆಯನ್ನು ನಾನು ಅಲ್ಲಿಯವರೆಗೆ ಮುಟ್ಟಿದವಳಲ್ಲ. ಕೊಟ್ಟೂರಿನಲ್ಲಿ ಕೊಂಡರೆ ಗುರುತಿನವರು ಕಾಣುತ್ತಾರೆಂದು ಬಟ್ಟೆಯಂಗಡಿಯ ನೆಪ ಮಾಡಿ ಹಗರಿಬೊಮ್ಮನಹಳ್ಳಿಗೆ ಹೋದೆ. ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿ, ಕೇಕ್ ಮಾಡಾಕೇನ್ರಿ ಅಂದ. ಹೂಂ ಅಂದೆ. ಅದು ಈ ವಿಷಯದಲ್ಲಿ ನಾನು ಹೇಳಿದ ಮೊದಲನೆಯ ಸುಳ್ಳು, ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಮನೆಗೆ ತಂದು ನವಣೆ ತುಂಬಿದ ಗಡಿಗೆಯೊಳಗೆ ಹೂತಿಟ್ಟೆ. ಮೊದಲ ದಿನ ಒಡೆಯಲು ಬಾರದೆ ಅರ್ಧ ಒಲೆಯ ಕಟ್ಟೆಗೆ ಹೋಯಿತು, ಉಳಿದರ್ಧ ಕುದಿಯುವ ಗಂಜಿಯಲ್ಲಿ ಎಳೆ ಎಳೆಯಾಗಿ ಕಟ್ಟಿಕೊಂಡಿತು. ಅದನ್ನು ಚೆಲ್ಲಿ ಕೈಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ನಂತರ ಕಲಿತೆ — ಮೊದಲು ಲೋಟದಲ್ಲಿ ತಣ್ಣೀರಿನೊಂದಿಗೆ ಚೆನ್ನಾಗಿ ಕಡೆಯಬೇಕು, ಗಂಜಿಯನ್ನು ಸಣ್ಣ ಉರಿಗೆ ಇಳಿಸಿ ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದರಲ್ಲಿ ತಿರುವುತ್ತಲೇ ಇರಬೇಕು. ವಾಸನೆ ಮುಚ್ಚಲು ಒಣಶುಂಠಿ, ಏಲಕ್ಕಿ, ಕೈತುಂಬ ಬೆಲ್ಲ. ಸಿಪ್ಪೆಯನ್ನು ಪುಡಿಮಾಡಿ ಹಿತ್ತಲ ಕರಿಬೇವಿನ ಬುಡಕ್ಕೆ ಹಾಕುತ್ತಿದ್ದೆ. ಆ ಗಿಡ ಹೇಗೆ ಚಿಗುರಿತೆಂದರೆ ನೆರೆಮನೆಯವರೆಲ್ಲ ಬಂದು ಕರಿಬೇವು ಕಿತ್ತುಕೊಂಡು ಹೋಗುವವರು, ನನ್ನ ಕೈಗುಣ ಹೊಗಳುವವರು.

ನಗು ಬರುತ್ತದಲ್ಲವೆ? ನನಗೂ ಬರುತ್ತಿತ್ತು. ಆದರೆ ಒಂದು ಸಂಗತಿ ಇದೆ, ಅದನ್ನು ನೆನೆದಾಗ ನಗು ನಿಲ್ಲುತ್ತದೆ. ನಮ್ಮತ್ತೆ ಏನು ತಿಂದರೂ ಕುಡಿದರೂ ಮೊದಲು ತಮ್ಮ ಕೊರಳಿನ ಲಿಂಗಕ್ಕೆ ಅರ್ಪಿಸುತ್ತಾರೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಎದೆಯ ಹತ್ತಿರ ಎತ್ತಿ ಒಂದು ಗಳಿಗೆ ಹಾಗೇ ಇರುತ್ತಾರೆ. ಆಮೇಲೆಯೇ ಬಾಯಿಗೆ. ಎದ್ದು ಕೂರಲಾರದ ಆ ದಿನಗಳಲ್ಲೂ ಅದನ್ನು ಬಿಡಲಿಲ್ಲ. ಕೈ ನಡುಗುತ್ತಿದ್ದರಿಂದ ಬಟ್ಟಲಿನ ತಳಕ್ಕೆ ನಾನು ಕೈ ಕೊಟ್ಟಿರುತ್ತಿದ್ದೆ. ಅಂದರೆ ಆ ಮೊಟ್ಟೆಯ ಗಂಜಿಯನ್ನು ಲಿಂಗದ ಮುಂದೆ ಎತ್ತಿ ಹಿಡಿದದ್ದರಲ್ಲಿ ನನ್ನ ಕೈಯೂ ಇತ್ತು — ಅವರ ನಾಲಿಗೆಗೆ ಮಾತ್ರ ಮಾಡಿದ ಮೋಸ ಅದಲ್ಲ. ಗೊತ್ತಿದ್ದೂ ಮಾಡಿದೆ. ಒಂದೆರಡು ದಿನ ಹೆದರಿಕೆಯಿತ್ತು, ಆಮೇಲೆ ರೂಢಿಯಾಯಿತು.

ಅತ್ತೆ ಚೇತರಿಸಿಕೊಂಡರು. ಔಷಧಿಯಿಂದಲೋ, ಮೊಟ್ಟೆಯಿಂದಲೋ, ಅವರ ಹಟದಿಂದಲೋ, ನಾನು ಹೇಳಲಾರೆ. ಯುಗಾದಿಯ ಹೊತ್ತಿಗೆ ಕೋಲೂರಿಕೊಂಡು ಹೊಲದ ಬದುವಿನ ತನಕ ನಡೆದು ಹೋದರು. ನಾನು ಮೊಟ್ಟೆ ನಿಲ್ಲಿಸಿದೆ. ಅಲ್ಲಿಗೆ ಕಥೆ ಮುಗಿದಿದ್ದರೆ, ಒಬ್ಬ ಸೊಸೆಯ ಗುಟ್ಟಾಗಿ ನನ್ನೊಂದಿಗೇ ಹೋಗುತ್ತಿತ್ತು. ಆದರೆ ಅತ್ತೆ ಸುಮ್ಮನಿರುವವರೇ? ಕಟ್ಟೆಯ ಮೇಲೆ ಕೂತು ಬಂದವರಿಗೆ, ಹೋದವರಿಗೆ, ಹಾಲಿನ ಡೇರಿಗೆ ನಡೆದವರನ್ನೂ ನಿಲ್ಲಿಸಿ ಹೇಳತೊಡಗಿದರು — ಡಾಕ್ಟರು ಮೊಟ್ಟೆ ಅಂದರು, ನಾನು ಒಲ್ಲೆ ಅಂದೆ, ನಮ್ಮ ಹೊಲದ ನವಣೆ ನನ್ನನ್ನು ಎಬ್ಬಿಸಿ ನಿಲ್ಲಿಸಿತು.

ಜನ ನಂಬಿದರು. ಕಣ್ಣೆದುರಿಗೇ ಎದ್ದು ನಿಂತಿದ್ದರಲ್ಲ, ಯಾಕೆ ನಂಬಬಾರದು?

ನಮ್ಮ ಕಡೆ ಹೊಲವೆಂದರೆ ಈಗ ಮೆಕ್ಕೆಜೋಳ. ಅದು ಲಾರಿ ಹತ್ತಿ ಹೋಗುವುದು ಬಹುಪಾಲು ಕೋಳಿ ಮೇವಿಗೆ. ಮೊಟ್ಟೆ ಮುಟ್ಟದ ಮನೆಯವರೂ ಬೆಳೆಯುವುದು ಕೋಳಿಯ ಊಟವನ್ನೇ. ಹಗರಿಬೊಮ್ಮನಹಳ್ಳಿಯ ಆ ಮೊಟ್ಟೆ ನಮ್ಮದೇ ಹೊಲದ ಕಾಳು ತಿಂದ ಕೋಳಿಯದಿರಬಹುದಲ್ಲ, ಅದರಲ್ಲಿ ಬೇರೆ ಏನಿದೆ ಎಂದು ನಾನು ಎಷ್ಟೋ ಸಲ ನನ್ನೊಂದಿಗೇ ವಾದ ಮಾಡಿದ್ದೇನೆ. ವಾದದಲ್ಲಿ ಗೆದ್ದಿದ್ದೇನೆ ಕೂಡ. ಗೆದ್ದ ಮೇಲೂ ಸಮಾಧಾನವಾಗುತ್ತಿರಲಿಲ್ಲ.

ಅತ್ತೆಯ ಮಾತು ಕೇಳಿ ಮೊದಲು ನಮ್ಮ ಓಣಿಯವರು, ಆಮೇಲೆ ಕೆಳಗಿನ ಓಣಿಯವರು ಹೊಲದ ಒಂದೊಂದು ಪಟ್ಟಿಗೆ ನವಣೆ ಬಿತ್ತಿದರು. ಬಂದ ಕಾಳನ್ನು ಏನು ಮಾಡುವುದೆಂದು ನಾವು ಊರಿನ ಮಹಿಳಾ ಸಂಘದವರು ಸೇರಿ ಹುರಿದು, ಹೆಸರುಬೇಳೆ, ಶೇಂಗಾ, ಒಣಶುಂಠಿ ಕೂಡಿಸಿ ಗಿರಣಿಗೆ ಹಾಕಿ ಹಿಟ್ಟು ಮಾಡಿದೆವು. ಪೊಟ್ಟಣದ ಮೇಲೆ ಅತ್ತೆಯ ಫೋಟೊ ಹಾಕೋಣ ಎಂದವಳು ನಾನೇ. ಡಬ್ಬಿಯೊಳಗೆ ಏನಿದೆ ಯಾರು ಕಂಡಿದ್ದಾರೆ ಎಂದು ಕೇಳಿದ್ದವರ ಮುಖವನ್ನೇ ಪೊಟ್ಟಣಕ್ಕೆ ಹಚ್ಚಿದೆ. ಫೋಟೊದ ಕೆಳಗೆ 'ಮೊಟ್ಟೆಯಿಲ್ಲ, ಹಾಲಿಲ್ಲ, ನನ್ನನ್ನು ಎಬ್ಬಿಸಿದ್ದು ಇದು' ಎಂದು ಬರೆಸಿದವಳೂ ನಾನೇ.

ಹಿಟ್ಟಿನ ಸುದ್ದಿ ಕೇಳಿ ಬೇರೆ ಊರುಗಳವರು ಬಂದರು. ಹಾಲು, ತುಪ್ಪ, ಜೇನನ್ನೂ ಬಿಟ್ಟ ಇಬ್ಬರು ಹುಡುಗಿಯರು ಕ್ಯಾಮೆರಾ ಹಿಡಿದು ಬಂದು ಅತ್ತೆಯನ್ನು ಮಾತಾಡಿಸಿದರು. ಅತ್ತೆ ಅವರ ಹೋಳಿಗೆಯ ಮೇಲೆ ತುಪ್ಪ ಸುರಿಯಲು ಹೋಗಿ, ಅವರು ಬೇಡವೆಂದಾಗ, ಎಮ್ಮೆಯ ಜೊತೆ ಏನು ಜಗಳವಮ್ಮಾ ನಿಮ್ಮದು ಎಂದು ನಕ್ಕರು. ಆಮೇಲೆ ತಾವೇ ಎದ್ದು ಹೋಗಿ ಶೇಂಗಾ ಎಣ್ಣೆ ತಂದು ಹಾಕಿದರು. ಬೇಡ ಅಂದವರಿಗೆ ಬೇಡವಾದದ್ದನ್ನು ಹಾಕಬಾರದು ಎಂದು ನನ್ನ ಕಡೆ ತಿರುಗಿ ಹೇಳಿದರು. ಸುಮ್ಮನೆ ಹೇಳಿದ ಮಾತು ಅದು. ನಾನು ತಟ್ಟೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಹೊರಡುವಾಗ ಆ ಹುಡುಗಿಯರಲ್ಲೊಬ್ಬಳು, ಇದರಲ್ಲಿ ಪ್ರಾಣಿಯಿಂದ ಬಂದದ್ದು ಏನೂ ಇಲ್ಲ ತಾನೇ ಆಂಟಿ ಎಂದಳು. ಏನೂ ಇಲ್ಲ ಅಂದೆ. ನಿಜವೇ, ಪೊಟ್ಟಣದ ಒಳಗೆ ಸುಳ್ಳಿರಲಿಲ್ಲ. ಅದು ಪೊಟ್ಟಣದ ಮೇಲಿತ್ತು.

ಈಗ ದುರುಗವ್ವನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ತಡೆದೆ.

ದುರುಗವ್ವ ನಮ್ಮ ಪಕ್ಕದ ಹೊಲದವಳು, ಕುರಿ ಸಾಕಿದ ಮನೆಯವಳು. ಸುಗ್ಗಿ ಮುಗಿದ ಮೇಲೆ ಅವರ ಕುರಿ ನಮ್ಮ ಹೊಲದಲ್ಲಿ ತಂಗುತ್ತವೆ, ಆ ಗೊಬ್ಬರವೇ ನಮ್ಮ ನವಣೆಗೆ ಬಲ. ಅವಳ ಮಗಳು ಮಂಜುಳಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ರಕ್ತ ಕಡಿಮೆ ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮಾತ್ರೆ ಕೊಟ್ಟಿದ್ದರು, ಅಂಗನವಾಡಿಯಲ್ಲಿ ಊಟ, ಮೊಟ್ಟೆ ಕೊಡುತ್ತಿದ್ದರು. ಆ ಹುಡುಗಿಗೆ ಮೊಟ್ಟೆಯ ವಾಸನೆಗೇ ಹೊಟ್ಟೆ ತೊಳಸುವುದು, ಮಾತ್ರೆ ನುಂಗಿದರೆ ಇನ್ನೂ ಹೆಚ್ಚು. ಒಂದು ಬೆಳಿಗ್ಗೆ ದುರುಗವ್ವ ನಮ್ಮ ಬಾಗಿಲಿಗೆ ಬಂದು ನಿಂತಳು. ಅವನ್ನೆಲ್ಲ ಬಿಡಿಸಿ ನಿಮ್ಮ ಗಂಜಿಯನ್ನೇ ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದಳು. ಕಟ್ಟೆಯ ಮೇಲಿದ್ದ ಅತ್ತೆ, ನನ್ನನ್ನೇ ನೋಡು, ಇನ್ನೇನು ಸಾಕ್ಷಿ ಬೇಕು ಅಂದರು. ದುರುಗವ್ವ ಅವರನ್ನು ನೋಡಿದಳು. ನಂತರ ನನ್ನನ್ನು ನೋಡಿದಳು. ಓದಿದವಳು ನಾನು, ಹಿಟ್ಟು ಮಾಡುವವಳು ನಾನು — ಅವಳಿಗೆ ಬೇಕಿದ್ದದ್ದು ನನ್ನ ಮಾತು.

"ಅತ್ತಿಯವರ ಹೇಳಿದ ಮ್ಯಾಲೆ ಮತ್ತೇನೈತಿ, ದುರುಗವ್ವ," ಅಂದೆ.

ಒಳಗೆ ಹೋಗಿ ಪೊಟ್ಟಣ ತಂದು ಕೊಟ್ಟೆ. ಆ ಮಾತಿಗೂ ಪೊಟ್ಟಣಕ್ಕೂ ನಡುವೆ ಪಡಸಾಲೆ ದಾಟಿ ಹೋಗಿ ಬರುವಷ್ಟು ಹೊತ್ತಿತ್ತು. ಅಷ್ಟರಲ್ಲಿ ಹೇಳಬಹುದಿತ್ತು. ಎಲ್ಲವನ್ನೂ ಹೇಳದಿದ್ದರೂ, ಗಂಜಿ ಕುಡಿಸು, ಆದರೆ ಮಾತ್ರೆ ಬಿಡಿಸಬೇಡ ಎಂದಾದರೂ — ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಅಷ್ಟೇ. ಅತ್ತೆ ಕೇಳಿಸಿಕೊಳ್ಳುತ್ತಿದ್ದರು ಎಂಬುದೊಂದೇ ಕಾರಣ.

ಮಂಜುಳಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಸಿದು ಬಿದ್ದಳು. ಮೈಯಲ್ಲಿ ರಕ್ತವೇ ಇಲ್ಲ ಎಂದು ಇಲ್ಲಿಯ ಆಸ್ಪತ್ರೆಯವರು ಬಳ್ಳಾರಿಗೆ ಕಳಿಸಿದರು. ರಕ್ತ ಕೊಟ್ಟರು. ಕೂಸು ದಿನ ತುಂಬುವ ಮೊದಲೇ ಹುಟ್ಟಿತು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬದುಕಿಕೊಂಡಿತು. ಗಂಜಿಯನ್ನು ನಂಬಿದ್ದರಿಂದಲೇ ಹೀಗಾಯಿತೇ? ಮಾತ್ರೆ, ಮೊಟ್ಟೆ ತಿಂದಿದ್ದರೂ ಆಗುತ್ತಿತ್ತೇ? ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಆ ಅನುಮಾನದ ಹಿಂದೆ ನಾನು ಬಚ್ಚಿಟ್ಟುಕೊಳ್ಳಬಹುದಿತ್ತು, ಕೆಲವು ವಾರ ಬಚ್ಚಿಟ್ಟುಕೊಂಡೆ ಕೂಡ. ಆಗೆಲ್ಲ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಟ್ಟು ಜರಡಿ ಹಿಡಿಯುತ್ತ ಹಿಡಿಯುತ್ತ ಎದ್ದು ಬಾಗಿಲ ತನಕ ಹೋಗಿ ದುರುಗವ್ವನ ಮನೆಯ ಕಡೆ ನೋಡಿ ಬರುತ್ತಿದ್ದೆ.

ಮಗಳನ್ನೂ ಕೂಸನ್ನೂ ಕರೆದುಕೊಂಡು ಬಂದ ಮೇಲೆ ದುರುಗವ್ವ ತಾನೇ ಬಂದಳು. ಬೈಯಲು ಬಂದಳೆಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಸೆರಗಿನ ತುದಿ ಹಿಡಿದುಕೊಂಡು ತಪ್ಪು ಮಾಡಿದವಳ ಹಾಗೆ ನಿಂತಳು.

"ಗಂಜಿ ಕಾಸೋದ್ರಾಗ ನಮ್ದ ಏನೋ ತಪ್ಪಾಗೈತಿ ಅಕ್ಕಾರ. ನಿಮ್ಮ ಹದ ನಮಗ ಬರಲಿಲ್ಲ. ಒಮ್ಮಿ ಬಂದು ಕಾಸಿ ತೋರಿಸ್ರಿ."

ನಾನು ಹೋದೆ. ದಾರಿಯುದ್ದಕ್ಕೂ ಏನು ಹೇಳುವುದೆಂದು ಜೋಡಿಸಿಕೊಳ್ಳುತ್ತ ಹೋದೆ, ಅವರ ಮನೆಯ ಹೊಸ್ತಿಲು ದಾಟುವಾಗ ಒಂದೂ ನೆನಪಿರಲಿಲ್ಲ. ಒಲೆಯ ಮುಂದೆ ಕೂತೆ. ನೀರು ಕುದಿಯಿತು, ಹಿಟ್ಟು ಕಲಸಿ ಬಿಟ್ಟೆ, ಉರಿ ಸಣ್ಣದು ಮಾಡಿದೆ. ಗೋಡೆಯ ಗೂಡಿನಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಮೊಟ್ಟೆ. ಕೈ ತಾನಾಗಿ ಹೋಯಿತು. ಲೋಟದ ಅಂಚಿಗೆ ಒಂದೇ ಪೆಟ್ಟು, ಒಂದು ಹನಿ ಹೊರಗೆ ಬೀಳಲಿಲ್ಲ. ತಣ್ಣೀರು, ಚಮಚ, ಕಡೆದೆ, ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದರಲ್ಲಿ ತಿರುವಿದೆ. ಎಳೆ ಕಟ್ಟಲಿಲ್ಲ. ದುರುಗವ್ವ ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು.

"ನಿಮ್ಮ ಕೈಗೆ ರೂಢಿ ಐತಿ," ಅಂದಳು.

ಐತಿ ಅಂದೆ. ಆಮೇಲೆ ಎಲ್ಲ ಹೇಳಿದೆ — ಜ್ವರ, ಡಾಕ್ಟರು, ನವಣೆಯ ಗಡಿಗೆ, ಕರಿಬೇವು. ದುರುಗವ್ವ ಎಲ್ಲ ಕೇಳಿ, ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಒಳಗೆ ಒಯ್ದು ಮಗಳಿಗೆ ಕೊಟ್ಟು, ಅವಳು ಕುಡಿಯುವ ತನಕ ನಿಂತು, ಖಾಲಿ ಬಟ್ಟಲು ಹಿಡಿದು ಹೊರಗೆ ಬಂದಳು. ನಿಮ್ಮ ಬಾಗಿಲಲ್ಲಿ ಆ ದಿನ ನೀವು ಇಷ್ಟೇ ಒಂದು ಮಾತು ಅಂದಿದ್ದರೆ ನನ್ನ ಮಗಳಿಗೂ ಹೀಗೇ ಕಾಸಿ ಕೊಡುತ್ತಿದ್ದೆನಲ್ಲ ಎಂದಳು. ದನಿ ಎತ್ತರಿಸಲಿಲ್ಲ. ನಿಮ್ಮತ್ತಿ ಅಮ್ಮಾರಿಗೆ ಗೊತ್ತೇನು ಎಂದು ಕೇಳಿದಳು. ಇಲ್ಲ ಅಂದೆ.

"ನೀವ ಹೇಳ್ರಿ. ನನ್ನ ಬಾಯಿಂದ ಆ ಜೀವಕ್ಕ ಅದು ಬ್ಯಾಡ."

ಮನೆಗೆ ಬಂದು ಮೊದಲು ಯಜಮಾನರಿಗೆ ಹೇಳಿದೆ. ಅವರು ತಲೆ ಹಿಡಿದುಕೊಂಡು ಕೂತರು. ತಾಯಿಗೆ ಮಾಡಿದ್ದಕ್ಕೆ ಸಿಟ್ಟು ಬಂತೋ, ಇಷ್ಟು ದಿನ ತಮಗೂ ಹೇಳದ್ದಕ್ಕೆ ಬಂತೋ ತಿಳಿಯಲಿಲ್ಲ. ಕೊನೆಗೆ ಅಂದದ್ದು ಬೇರೆಯೇ. ಊರಿನ ಅರ್ಧ ಹೊಲದಲ್ಲಿ ನವಣೆ ತೆನೆ ಕಟ್ಟಿ ನಿಂತಿದೆ, ಅಷ್ಟು ಮನೆಯವರು ಅವ್ವನ ಮುಖ ನೋಡಿ ಬಿತ್ತಿದ್ದಾರೆ, ಈಗ ಹೇಳಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಎಲ್ಲ ಮೆಕ್ಕೆಜೋಳವೇ. ಅವರ ಮಾತು ಸುಳ್ಳಲ್ಲ. ನವಣೆ ಒಳ್ಳೆಯ ಕಾಳು, ನಮ್ಮ ಮಣ್ಣಿಗೆ ಒಗ್ಗಿದ ಕಾಳು, ಅದು ಯಾರಿಗೂ ಮೋಸ ಮಾಡಿಲ್ಲ. ಅದನ್ನು ಅದರಷ್ಟಕ್ಕೇ ಮಾರಬಹುದಿತ್ತು. ನಾನು ಅದರ ತಲೆಯ ಮೇಲೆ ಒಂದು ಪವಾಡ ಹೊರಿಸಿದೆ. ಆ ಪವಾಡ ಬಿದ್ದರೆ ಕಾಳೂ ಬೀಳುತ್ತದೇನೋ ಎಂದು ಎರಡು ದಿನ ಒಳಗೂ ಹೊರಗೂ ಓಡಾಡಿದೆ. ಮೂರನೆಯ ಬೆಳಿಗ್ಗೆ ಅತ್ತೆಯ ಪೂಜೆ ಮುಗಿಯುವುದನ್ನು ಕಾದು, ಅವರ ಮುಂದೆ ನೆಲದ ಮೇಲೆ ಕೂತು ಹೇಳಿದೆ.

ಅವರು ಮೊದಲು ಕೇಳಿದ್ದು ಮಂಜುಳಾಳ ವಿಷಯ. ಕೂಸು ಹೇಗಿದೆ, ದುರುಗವ್ವನಿಗೆ ಎಲ್ಲ ಹೇಳಿದ್ದೀಯಾ ಎಂದರು. ಹೇಳಿದ್ದೇನೆ ಅಂದೆ. ಬೈಯುತ್ತಾರೆ, ಅಳುತ್ತಾರೆ, ಇಲ್ಲವೇ ಜೀವ ಉಳಿಸಿದೆ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ — ಆ ಮೂರನೆಯದನ್ನು ನಾನು ಒಳಗೊಳಗೇ ಬಯಸಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಅವರು ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡರು.

"ನಾನು ಬ್ಯಾಡ ಅಂದಿದ್ನಲ್ಲ, ಗಿರಿಜಾ. ಬಾಯಿಬಿಟ್ಟು ಅಂದಿದ್ದೆ."

ಅಷ್ಟೇ. ಮರುದಿನ, ಪೊಟ್ಟಣದ ಮೇಲಿನ ತಮ್ಮ ಮುಖ ತೆಗೆಸು ಅಂದರು. ತೆಗೆಸಿದೆ. ಫೋಟೊ ಇದ್ದ ಜಾಗದಲ್ಲಿ ಈಗ ಒಳಗೆ ಏನೇನಿದೆ ಎಂಬುದಿದೆ, ಅದರ ಕೆಳಗೆ 'ಇದು ಊಟ, ಔಷಧಿಯಲ್ಲ. ಡಾಕ್ಟರು ಹೇಳಿದ್ದನ್ನು ಬಿಡಬೇಡಿ' ಎಂದಿದೆ. ಸಂಘದವರನ್ನು ಕೂರಿಸಿಕೊಂಡು ನಾನೇ ಹೇಳಿದೆ. ಇಬ್ಬರು ಎದ್ದು ಹೋದರು, ಒಬ್ಬರು ಇನ್ನೂ ನನ್ನೊಂದಿಗೆ ಮಾತಾಡುವುದಿಲ್ಲ. ಈ ಸಲ ಯಾರು ನವಣೆ ಬಿತ್ತುತ್ತಾರೆ, ಯಾರು ಬಿಡುತ್ತಾರೆ ಗೊತ್ತಿಲ್ಲ. ನಮ್ಮ ಹೊಲದಲ್ಲಿ ಬಿತ್ತುತ್ತೇವೆ. ಮಂಜುಳಾಳ ಕೂಸು ಈಗ ಬೋರಲು ಬೀಳುತ್ತದೆ, ವಯಸ್ಸಿಗೆ ಇನ್ನೂ ಸಣ್ಣದು. ನಾನು ಹೋದಾಗ ದುರುಗವ್ವ ಒಳಗೆ ಕರೆಯುತ್ತಾಳೆ, ನೀರು ಕೊಡುತ್ತಾಳೆ, ಮೊದಲಿನಂತೆ ಹರಟುವುದಿಲ್ಲ.

ಅತ್ತೆ ನನ್ನೊಂದಿಗೆ ಮಾತು ಬಿಟ್ಟಿಲ್ಲ. ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ತಲೆ ಬಾಚಿಸಿಕೊಳ್ಳುತ್ತಾರೆ. ಆದರೆ ನನ್ನ ಕೈಯ ಗಂಜಿ ಕುಡಿಯುವುದಿಲ್ಲ. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು, ತಾವೇ ಒಲೆ ಹಚ್ಚಿ, ತಾವೇ ಕಾಸಿಕೊಳ್ಳುತ್ತಾರೆ. ನಾನು ಅಡುಗೆಮನೆಯ ಹೊರಗೆ ಕೂತಿರುತ್ತೇನೆ. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಎದೆಗೆ ಎತ್ತುವ ಮೊದಲು ಒಂದು ಗಳಿಗೆ ತಡೆದು ಬಟ್ಟಲೊಳಗೆ ನೋಡುತ್ತಾರೆ — ತಾವೇ ಕಾಸಿದ ಗಂಜಿಯೊಳಗೆ. ಮೊದಲು ಅವರು ನೋಡುತ್ತಿರಲಿಲ್ಲ.